ಕಪ್ಪೆಗೊಂದು ಚೀಲ ಮಣ್ಣು ಎಲ್ಲಿಂದ ತರಲಿ?

ಹುಬ್ಬಳ್ಳಿಯಲ್ಲಿ ಓದುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಮರಗಪ್ಪೆ ಸಾಕಿದ್ದಾನೆ. ಆಸ್ಟ್ರೇಲಿಯಾ ಮೂಲದ ಹಸಿರು ಕಪ್ಪೆ, ಗಾಜಿನ ಪೆಟ್ಟಿಗೆಯಲ್ಲಿದೆ. ಮುಂಗಾರು ಶುರುವಾದಾಗ ಫೋನ್ ಮಾಡಿ, "ಅಣ್ಣಾ, ಪೆಟ್ಟಿಗ್ಯಾಗ ಹಾಕಾಕ ನಿಮ್ಮ ಹೊಲದ್ದು ಒಂದು ಚೀಲ ಮಣ್ಣು ಕಳಸು. ಅಂಗಡ್ಯಾಗಿಂದು ತುಟ್ಟಿ ಆಗತೈತಿ" ಅಂದ. ಮಣ್ಣಿಗೇನು ಬರವೇ ಎಂದು ಒಪ್ಪಿಕೊಂಡೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕು ಸುದ್ದಿಗಾಗಿ ಬೈಕ್ ಮೇಲೆ ಸುತ್ತುವವನಿಗೆ ಒಂದು ಚೀಲ ಮಣ್ಣು ಸಿಗದೇ ಇರುತ್ತದೆಯೇ?

ಇವತ್ತಿಗೂ ಕಳಿಸಿಲ್ಲ. ಯಾಕೆ ಎಂದು ಹೇಳುವುದಕ್ಕೇ ಈ ಬರಹ.

ಮೊದಲು ಕಪ್ಪೆಯ ಮೈ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ, ಚರ್ಮದ ಮೂಲಕ ಉಸಿರೂ ಆಡುತ್ತದೆ. ಅಂದರೆ ಅದು ಕೂತ ಜಾಗದ ತೇವದಲ್ಲಿ ಏನಿದೆಯೋ ಅದೆಲ್ಲ ಮೈಯೊಳಗೆ. ನಾವು ಕೈ ತೊಳೆದರೆ ಹೋಗುವ ವಿಷ ಅದಕ್ಕೆ ರಕ್ತಕ್ಕೇ ಹೋಗುತ್ತದೆ. ಹೀಗಾಗಿ ಪೆಟ್ಟಿಗೆಯ ತಳಕ್ಕೆ ಏನು ಹಾಸಬೇಕು ಅನ್ನುವುದು ಅಲಂಕಾರದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಹುಡುಕಾಟ ಶುರುವಾದದ್ದು ಹಿರೇಕೆರೂರಿನಿಂದ. ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ಬಿತ್ತಿದ ಒಂದೆರಡು ದಿನದಲ್ಲೇ ಕಳೆ ಹುಟ್ಟದಂತೆ ಅಟ್ರಾಜಿನ್ ಹೊಡೆಯುತ್ತಾರೆ. ಅದು ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಅಮೆರಿಕದ ವಿಜ್ಞಾನಿ ಟೈರೋನ್ ಹೇಯ್ಸ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೂರು ಕೋಟಿ ಪಾಲಿನಲ್ಲಿ ಎರಡೂವರೆ ಪಾಲು ಅಟ್ರಾಜಿನ್ ಇದ್ದ ನೀರಿನಲ್ಲಿ ಬೆಳೆದ ಗಂಡು ಕಪ್ಪೆಗಳಲ್ಲಿ ಶೇ 10ರಷ್ಟು ಮೊಟ್ಟೆ ಇಡುವ ಹೆಣ್ಣುಗಳಾದವು. ತಯಾರಕ ಕಂಪನಿ ಇದನ್ನು ಒಪ್ಪಿಲ್ಲ, ವಾದ ಇನ್ನೂ ನಡೆದಿದೆ. ಆದರೆ ಐರೋಪ್ಯ ಒಕ್ಕೂಟ ವಾದ ಮುಗಿಯಲಿ ಎಂದು ಕಾಯಲಿಲ್ಲ. ಅಂತರ್ಜಲಕ್ಕೆ ಸೇರುತ್ತಿದೆ ಎಂಬ ಕಾರಣಕ್ಕೆ 2003ರಲ್ಲೇ ಅನುಮತಿ ಮುಂದುವರಿಸದಿರಲು ತೀರ್ಮಾನಿಸಿತು. ನಮ್ಮ ಕೇಂದ್ರ ಸರ್ಕಾರವೂ 2020ರ ಮೇ ತಿಂಗಳಲ್ಲಿ 27 ಕೀಟನಾಶಕ, ಕಳೆನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತ್ತು. ಅಟ್ರಾಜಿನ್ ಆ ಪಟ್ಟಿಯಲ್ಲಿತ್ತು. ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಹಾನಗಲ್ಲಿಗೆ ಹೋದೆ. ಕೆರೆಗಳ ತಾಲ್ಲೂಕು, ಗದ್ದೆ ಇರುವ ಕಡೆ ಕಪ್ಪೆ ಇರಲೇಬೇಕು. ಆದರೆ ನಾಟಿ ಗದ್ದೆಗೆ ಬ್ಯುಟಾಕ್ಲೋರ್ ಹಾಕುತ್ತಾರೆ, ಅದೂ ಆ 27ರ ಪಟ್ಟಿಯಲ್ಲಿದ್ದದ್ದೇ. ಕೆರೆ ಹೂಳು ಒಯ್ಯೋಣ ಅಂದರೆ, ಮೇಲಿನ ಹೊಲಗಳ ನೀರೆಲ್ಲ ಇಳಿದು ಬಂದು ನಿಲ್ಲುವುದೇ ಕೆರೆಯಲ್ಲಿ.

ಸವಣೂರಿನ ಎರಿ ಮಣ್ಣು ಹತ್ತಿಗೆ ಚೆಂದ, ಕಪ್ಪೆಗಲ್ಲ. ಹಸಿಯಾದರೆ ಗಾಳಿಯಾಡದೆ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಹೆಸರುವಾಸಿಯಾದ ಎಲೆಬಳ್ಳಿ ತೋಟಗಳ ಮಣ್ಣು ಮೃದುವೇನೋ ಹೌದು. ಆದರೆ ಎಲೆಬಳ್ಳಿಗೆ ಕೊಳೆರೋಗ ಬಾರದಂತೆ ಹೊಡೆಯುವುದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ತಾಮ್ರ ಕರಗಿ ಹೋಗುವ ವಸ್ತುವಲ್ಲ, ವರ್ಷ ವರ್ಷ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಗೊದಮೊಟ್ಟೆಗಳಿಗೆ ಅದು ವಿಷ.

ಕೊನೆಗೆ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆ ನೆನಪಾಯಿತು. ಅಲ್ಲಿ ಎಲೆ ಉದುರಿ ಕೊಳೆತ ಒಳ್ಳೆ ಮಣ್ಣಿದೆ. ಆದರೆ ಅದು ನವಿಲುಧಾಮ. ಅಲ್ಲಿಂದ ಮಣ್ಣು ತರುವುದು ತಪ್ಪು. ಬೇಲಿ ಹಾಕಿ ಕಾಯ್ದ ಜಾಗದಲ್ಲಿ ಮಾತ್ರ ನಂಬಿಕೆಯ ಮಣ್ಣು ಉಳಿದಿದೆ ಅನ್ನುವುದೇ ನಮ್ಮ ಸ್ಥಿತಿ ಹೇಳುತ್ತದೆ.

"ಹಂಗಾರ ಮಣ್ಣು ಪರೀಕ್ಷೆ ಮಾಡಸು" ಅಂದರು ಒಬ್ಬ ರೈತರು. ಮನೆಯಲ್ಲಿದ್ದ ಮಣ್ಣು ಆರೋಗ್ಯ ಚೀಟಿ ತೆಗೆದು ನೋಡಿದೆ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ 12 ಅಂಶ ನೋಡುತ್ತಾರೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ವಿಷದ ಶೇಷಕ್ಕೆ ಒಂದು ಸಾಲೂ ಇಲ್ಲ. ತಾಮ್ರ ಇದೆಯಲ್ಲ ಎನ್ನಬೇಡಿ, ಅದು ಬೆಳೆಗೆ ಕಡಿಮೆಯಾಗಿದೆಯೇ ಎಂದು ತಿಳಿಯಲು. ಹೆಸರು ಮಣ್ಣಿನ ಆರೋಗ್ಯ, ಆದರೆ ಕೇಳುವುದು ಇನ್ನೆಷ್ಟು ಗೊಬ್ಬರ ಹಾಕಬೇಕು ಎಂದಷ್ಟೇ.

ನಾನು ರೈತರನ್ನು ಬೈಯುತ್ತಿಲ್ಲ. ನಮ್ಮ ಮನೆಯಲ್ಲೂ ಕಳೆನಾಶಕ ಹೊಡೆಯುತ್ತೇವೆ. ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಹೊಂದುವುದಿಲ್ಲ. ನನ್ನ ಸಿಟ್ಟು ಬೇರೆ. ಇಷ್ಟು ವರ್ಷ ಹೊಡೆದದ್ದು ಎಷ್ಟು ಉಳಿದಿದೆ ಎಂದು ರೈತನಿಗೆ ಯಾರೂ ಹೇಳುತ್ತಿಲ್ಲ. ಅವನೇ ಬರಿಗಾಲಲ್ಲಿ ಆ ಮಣ್ಣು ತುಳಿಯುತ್ತಾನೆ, ಅವನ ಮಕ್ಕಳೇ ಅದರಲ್ಲಿ ಆಡುತ್ತಾರೆ.

ನಮ್ಮ ವೃತ್ತಿಯದೂ ತಪ್ಪಿದೆ. ಮಳೆ ಕೈಕೊಟ್ಟಾಗ ಊರವರು ಕಪ್ಪೆ ಮದುವೆ ಮಾಡುತ್ತಾರೆ. ಆ ಫೋಟೊ ಕಳಿಸಿದರೆ ಮರುದಿನವೇ ಅಚ್ಚಾಗುತ್ತದೆ. ಮದುವೆ ಮಾಡಿದ ಕಪ್ಪೆಯನ್ನು ಬಿಟ್ಟುಬಂದ ಹೊಂಡದಲ್ಲಿ ಏನಿದೆ ಎಂದು ನಾನು ಒಮ್ಮೆಯೂ ಬರೆದಿಲ್ಲ.

ಹುಡುಗನಿಗೆ ಕೊನೆಗೆ ಹೇಳಿದ್ದಿಷ್ಟು. ಸಾಕಿದವರು ಬೇರೆಯವರಿದ್ದರೆ ಅವರಿಗೂ ಉಪಯೋಗವಾಗಲಿ.

ಹೊಸದಾಗಿ ತಂದ ಕಪ್ಪೆಗೆ ಮೊದಲ ಕೆಲವು ವಾರ ಬಣ್ಣ, ವಾಸನೆ ಇಲ್ಲದ ಟಿಶ್ಯೂ ಕಾಗದವನ್ನು ತೇವ ಮಾಡಿ ಹಾಸಿದರೆ ಸಾಕು, ದಿನಾ ಬದಲಿಸಬೇಕು. ಆಮೇಲೆ ತೆಂಗಿನ ನಾರಿನ ಪುಡಿ ಬಳಸಬಹುದು. ಆದರೆ ನರ್ಸರಿಗೆ ಮಾರುವ ಇಟ್ಟಿಗೆಯಲ್ಲಿ ಗೊಬ್ಬರ ಬೆರೆಸಿರಬಹುದು, ಉಪ್ಪಿನ ಅಂಶವೂ ಇರಬಹುದು. ಗೊಬ್ಬರ ಬೆರೆಸದ್ದನ್ನೇ ತಂದು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಬೇಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳಬೇಕು. ಬಣ್ಣದ ಸಣ್ಣ ಕಲ್ಲು ಬೇಡವೇ ಬೇಡ: ಕಪ್ಪೆ ಹುಳ ಹಿಡಿಯಲು ನಾಲಿಗೆ ಚಾಚಿದಾಗ ಕಲ್ಲೂ ಒಳಗೆ ಹೋಗಿ ಕರುಳು ಕಟ್ಟುತ್ತದೆ. ಕಲ್ಲು ಹಾಕುವುದಾದರೆ ಅದರ ತಲೆಗಿಂತ ದೊಡ್ಡದಿರಲಿ. ಪೈನ್, ದೇವದಾರು ಮರದ ಹೊಟ್ಟು ಬೇಡ, ಅದರ ಎಣ್ಣೆ ಚರ್ಮ ಸುಡುತ್ತದೆ. ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುತ್ತಾರೆ, ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಕಪ್ಪೆ ಮೇವು ಬಿಟ್ಟು ಹೊಟ್ಟೆ ಉಬ್ಬಿದರೆ ಪಶುವೈದ್ಯರ ಹತ್ತಿರ ಒಯ್ಯಬೇಕು.

ಹಳೆಯ ಹಾಸನ್ನು ಕೆರೆ, ಹಳ್ಳಕ್ಕೆ ಚೆಲ್ಲಬಾರದು. ಕಪ್ಪೆಗಳ ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರದಿಂದ ಜಗತ್ತಿನಲ್ಲಿ 501 ಉಭಯಚರ ಜಾತಿಗಳು ಕುಸಿದಿವೆ, 90 ಜಾತಿಗಳು ಅಳಿದಿರಬಹುದು ಎಂದು 2019ರ ಅಧ್ಯಯನ ಹೇಳಿದೆ. ಪೇಟೆಯ ಪೆಟ್ಟಿಗೆಯ ರೋಗ ಹಾನಗಲ್ಲಿನ ಕೆರೆಗೆ ಬರುವುದು ಬೇಡ. ಬೇಜಾರಾಯಿತೆಂದು ಕಪ್ಪೆಯನ್ನೇ ಬಿಡುವುದೂ ಬೇಡ. ಕೆಂಪು ಕಣ್ಣಿನ ಮರಗಪ್ಪೆಯಂಥ ಕೆಲವು ವಿದೇಶಿ ಜಾತಿಗಳನ್ನು 2024ರ ನಿಯಮದಂತೆ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು. ಇನ್ನು ನಮ್ಮ ಬಚ್ಚಲ ಗೋಡೆಗೆ ಅಂಟಿ ಕೂರುವ, ನೀರಿನ ತೊಟ್ಟಿಯ ಮೇಲೆ ನೊರೆಗೂಡು ಕಟ್ಟುವ ಊರ ಮರಗಪ್ಪೆಯನ್ನು ಹಿಡಿದು ಪೆಟ್ಟಿಗೆಗೆ ಹಾಕಬೇಡಿ. ಅದು ಇದ್ದಲ್ಲೇ ಇರಲಿ.

ಪೆಟ್ಟಿಗೆಯ ಕಪ್ಪೆಗೆ ಹುಡುಗ ನಾರು ತೊಳೆದು ಹಾಸಿದ್ದಾನೆ, ಅದು ಬದುಕುತ್ತದೆ. ಹೊಲದ ಬದುವಿನ ಕಪ್ಪೆಗೆ ಯಾರು ತೊಳೆದು ಹಾಸುತ್ತಾರೆ? ನಾನು ಕೇಳುವುದು ದೊಡ್ಡದೇನಲ್ಲ. ಮಣ್ಣು ಚೀಟಿಗೆ 13ನೆಯ ಸಾಲು ಸೇರಿಸಿ. ಎಲ್ಲ ಹೊಲಕ್ಕೂ ಆಗದಿದ್ದರೆ ಹೋಬಳಿಗೆ ಹತ್ತು ಹೊಲ, ಎರಡು ಕೆರೆ ಆರಿಸಿ ವರ್ಷಕ್ಕೊಮ್ಮೆ ವಿಷಶೇಷ ಪರೀಕ್ಷೆ ಮಾಡಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಹಚ್ಚಿ. ಮಾದರಿ ತೆಗೆಯುವುದನ್ನು ಕಲಿಸಲು ಜಿಲ್ಲೆಯಲ್ಲೇ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರವಿದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಲ್ಲೂ ಇದನ್ನು ಕೇಳಿ. ಕಪ್ಪೆಯ ಹೆಸರು ಹೇಳಿದರೆ ನಗುತ್ತಾರೆ ಅನ್ನಿಸಿದರೆ ನಿಮ್ಮ ಮಕ್ಕಳ ಹೆಸರು ಹೇಳಿ ಕೇಳಿ.