ಕೆಜಿಎಫ್ ಮಕ್ಕಳ ಪಾಲಿಗೆ ನಾಲ್ಕೇ ಭಾನುವಾರ

ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಬರುವುದು ನಾಲ್ಕು ಭಾನುವಾರ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಆಗ ಕೈತುಂಬ ಕೆಲಸ. ಗೋದಲಿಗೆ ಹುಲ್ಲು ಹೊಂದಿಸಬೇಕು, ಬಾಗಿಲಿಗೆ ನಕ್ಷತ್ರ ಕಟ್ಟಬೇಕು, ರಾಬರ್ಟ್‌ಸನ್‌ಪೇಟೆಗೆ ಹೋಗಿ ಬಟ್ಟೆ ತರಬೇಕು, ಕಲ್‌ಕಲ್, ರೋಸ್ ಕುಕ್ಕೀಸ್ ಕರಿಯಬೇಕು. ಕಲ್‌ಕಲ್ ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು ಮಕ್ಕಳ ಕೆಲಸ. ಒಂದಷ್ಟು ಹಿಟ್ಟು ಬಾಯಿಗೇ ಹೋಗುತ್ತದೆ. ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಎಷ್ಟೋ ಮನೆಗಳಲ್ಲಿ ಇದೆಲ್ಲವೂ ಆ ನಾಲ್ಕು ಭಾನುವಾರಗಳಲ್ಲೇ ಮುಗಿಯಬೇಕು. ಮಿಕ್ಕ ದಿನ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಇರುತ್ತಾರೆ, ಇಲ್ಲವೇ ಬೆಂಗಳೂರಿನ ರೈಲಿನಲ್ಲಿ. ಈ ಮಕ್ಕಳಿಗೆ ಏನು ಉಡುಗೊರೆ ಕೊಡಬೇಕೆಂದು ಯೋಚಿಸುವ ದಾನಿಗಳು ಡಿಸೆಂಬರ್‌ನಲ್ಲಿ ಸಿಗುತ್ತಾರೆ. ಆದರೆ ಹೆತ್ತವರು ಇಲ್ಲದ ಹೊತ್ತಿನಲ್ಲಿ ಮಗು ಎಲ್ಲಿರಬೇಕು ಎಂದು ವರ್ಷದ ಯಾವ ತಿಂಗಳಲ್ಲೂ ಯಾರೂ ಕೇಳುವುದಿಲ್ಲ.

ಇಲ್ಲಿನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಗಣಿ ಕೆಲಸವನ್ನು ಹೊಗಳಬೇಕಾಗಿಲ್ಲ. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದು ಸತ್ತವರು, ಸಿಲಿಕಾ ದೂಳಿನಿಂದ ಎದೆ ಕಟ್ಟಿ ನರಳಿದವರು ಇದೇ ಲೈನ್ ಮನೆಗಳವರು, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳವರು. ಆದರೆ ಪಾಳಿ ಮುಗಿಸಿ ಮೇಲೆ ಬಂದವನಿಗೆ ಮನೆ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಈಗ ಬೆಂಗಳೂರಿನ ಕೆಲಸಕ್ಕೆ ಮಾರಿಕುಪ್ಪಂ ನಿಲ್ದಾಣದಲ್ಲಿ ಕತ್ತಲಿರುವಾಗಲೇ ರೈಲು ಹತ್ತಬೇಕು. ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ, ಅಲ್ಲಿಂದ ಬೆಂಗಳೂರಿಗೆ ಇನ್ನೂ 70 ಕಿಲೋಮೀಟರ್. ಹೋಗಲು ಎರಡು ಗಂಟೆಗೂ ಮಿಕ್ಕು, ಬರಲೂ ಅಷ್ಟೇ. ನಡುವೆ ಎಂಟೊಂಬತ್ತು ಗಂಟೆ ದುಡಿಮೆ. ನಿಲ್ದಾಣದ ನಡಿಗೆ, ನಗರದ ಬಸ್ಸು ಸೇರಿದರೆ ಹದಿನಾಲ್ಕು ಗಂಟೆ ಹೋಯಿತು. ರಾಜ್ಯಕ್ಕೆಲ್ಲ ಬಂಗಾರಪೇಟೆ ಎಂದರೆ ತಿಳಿನೀರಿನ ಪಾನಿಪುರಿ; ಈ ಮಕ್ಕಳಿಗೆ ಅದು ಅಮ್ಮನ ರೈಲು ತಡವಾಗುವ ಜಾಗ.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಮಾಡಿದ್ದು ಈ ಮನೆಗಳ ಅಳತೆಗೆ ಹೊಂದುತ್ತಿಲ್ಲ, ಅಷ್ಟೇ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ, 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕೆಂಬ ನಿಯಮ ಬಂತು. ಒಳ್ಳೆಯದೇ. ಆದರೆ ಕಾಲಿಡಲು ಜಾಗವಿಲ್ಲದ ಬೋಗಿಯಲ್ಲಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಯಾವ ತಾಯಿ ಬೆಂಗಳೂರಿನ ಕಾರ್ಖಾನೆವರೆಗೆ ಹೋದಾಳು? ಅಂಗನವಾಡಿ ಮನೆಯ ಹತ್ತಿರವೇ ಇದೆ, ಆದರೆ ಸಂಜೆ ನಾಲ್ಕರ ಸುಮಾರಿಗೆ ಮುಚ್ಚುತ್ತದೆ. ಕೇಂದ್ರ ಸರ್ಕಾರ ಈಗ ‘ಪಾಲನಾ’ ಎಂದು ಕರೆಯುವ ರಾಷ್ಟ್ರೀಯ ಶಿಶುಪಾಲನಾ ಯೋಜನೆ ರೂಪುಗೊಂಡದ್ದು ದಿನಕ್ಕೆ ಏಳೂವರೆ ಗಂಟೆಯ ಲೆಕ್ಕದಲ್ಲಿ. ರೈಲಿನ ಮನೆಗೆ ಬೇಕಾದದ್ದು ಹೆಚ್ಚುಕಡಿಮೆ ಅದರ ಎರಡರಷ್ಟು. ರಾಜ್ಯದ ‘ಕೂಸಿನ ಮನೆ’ ಶಿಶುಪಾಲನಾ ಯೋಜನೆ ಗ್ರಾಮ ಪಂಚಾಯಿತಿಗಳಿಗಾಗಿ ಹುಟ್ಟಿದ್ದು, ಕೆಜಿಎಫ್‌ನದು ನಗರಸಭೆ. ಒಂದು ಸೌಲಭ್ಯ ಇರುವ ಕಡೆ ಮಗುವಿಲ್ಲ, ಮಗು ಇರುವ ಕಡೆ ಸೌಲಭ್ಯದ ಗಡಿಯಾರ ಬೇರೆ.

ಅಜ್ಜಿ ಇದ್ದಾರಲ್ಲ ಎನ್ನುವವರಿದ್ದಾರೆ. ನಿಜ, ಕೆಜಿಎಫ್ ಇಷ್ಟು ವರ್ಷ ನಡೆದದ್ದೇ ಅಜ್ಜಿಯರಿಂದ, ಪಕ್ಕದ ಮನೆಯವರಿಂದ. ಒಂದು ಗೋಡೆಗೆ ಎರಡು ಮನೆ ಇರುವ ಲೈನುಗಳಲ್ಲಿ ಮಗು ಯಾರ ಮನೆಯಲ್ಲಿ ಉಂಡಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಆದರೆ ಆ ಅಜ್ಜಿಗೂ ಮಂಡಿನೋವಿದೆ, ಎಷ್ಟೋ ಕಡೆ ಉಸಿರು ಕಟ್ಟಿ ಕೆಮ್ಮುವ ಅಜ್ಜನನ್ನು ನೋಡಿಕೊಳ್ಳುವವರೂ ಅವರೇ. ಬೆಂಗಳೂರಿನ ಕಟ್ಟಡ, ಗಾರ್ಮೆಂಟ್ಸ್, ಕಚೇರಿಗಳಿಗೆ ಕೆಜಿಎಫ್‌ನಿಂದ ದುಡಿಯುವ ಕೈ ಸಿಗುತ್ತಿರುವುದು ಈ ವೃದ್ಧೆಯರ ಸಂಬಳವಿಲ್ಲದ ದುಡಿಮೆಯ ಬಲದಿಂದ. ಅದಕ್ಕೆ ಕುಟುಂಬ ಪ್ರೀತಿ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಬೆಂಗಳೂರಿಗೇ ಹೋಗಿ ನೆಲೆಸಲಿ ಎಂಬ ಸಲಹೆಯಂತೂ ಅಲ್ಲಿನ ಬಾಡಿಗೆ, ಮುಂಗಡ ಗೊತ್ತಿಲ್ಲದವರು ಕೊಡುವಂಥದ್ದು.

ಊರಿನಲ್ಲೇ ಕೆಲಸ ಸೃಷ್ಟಿಯಾದರೆ ಈ ತಾಪತ್ರಯವೇ ಇರುವುದಿಲ್ಲ ಎಂಬ ವಾದಕ್ಕೆ ಹೆಚ್ಚು ತೂಕವಿದೆ. 1902ರಲ್ಲೇ ಶಿವನಸಮುದ್ರದ ವಿದ್ಯುತ್ ತರಿಸಿಕೊಂಡ ಊರು ಇದು. ಇಲ್ಲಿ ಉದ್ಯಮ ಬೇಡ ಎನ್ನುವವರು ಯಾರು? ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆಯನ್ನೂ ಕೊಟ್ಟಿತು. ಆದರೆ ಗುಡ್ಡದ ಮಣ್ಣು ಸಂಸ್ಕರಿಸುವುದು ಬಹುಪಾಲು ಯಂತ್ರದ ಕೆಲಸ, ಹಳೆಯ ಗಣಿಯಂತೆ ಸಾವಿರಾರು ಕೈ ಕೇಳುವುದಿಲ್ಲ. ಉದ್ಯಮಕ್ಕಾಗಿ ಕಾಯುತ್ತಲೇ ಗಣಿ ಮುಚ್ಚಿದಾಗ ತೊಟ್ಟಿಲಲ್ಲಿದ್ದ ಕೂಸುಗಳು ಈಗ ತಾವೇ ಹೆತ್ತವರಾಗಿ ಅದೇ ರೈಲು ಹತ್ತುವ ವಯಸ್ಸಿನವರು. ಇನ್ನು ಇದು ಒಂದು ಧರ್ಮದವರ ಹಬ್ಬದ ಮಾತಾಯಿತು ಎನ್ನುವವರಿಗೆ: ಯುಗಾದಿಯ ಹಿಂದಿನ ವಾರ, ರಂಜಾನ್ ತಿಂಗಳು ಆ ಬೋಗಿಯಲ್ಲಿರುವವರಿಗೆ ಬೇರೆ ಥರ ಏನಲ್ಲ. ಸಾಲು ಸಾಲು ಚರ್ಚುಗಳಿರುವ ಊರಾದ್ದರಿಂದ ಈ ತಾಪತ್ರಯ ಡಿಸೆಂಬರ್‌ನಲ್ಲಿ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಬೇಕಾದದ್ದು ದೊಡ್ಡದೇನಲ್ಲ. ಮಾರಿಕುಪ್ಪಂ, ಊರಿಗಾಂ, ಬಂಗಾರಪೇಟೆ ನಿಲ್ದಾಣಗಳಿಗೆ ನಡೆದು ಹೋಗುವ ದೂರದಲ್ಲಿ ಮೊದಲ ರೈಲಿಗೆ ಮುಂಚೆ ತೆರೆದು, ರಾತ್ರಿ ರೈಲು ಬಂದ ಮೇಲೆ ಮುಚ್ಚುವ ಶಿಶುಪಾಲನಾ ಕೇಂದ್ರಗಳು. ಎರಡು ಪಾಳಿಯ ಸಿಬ್ಬಂದಿ, ಅವರಿಗೆ ನ್ಯಾಯವಾದ ಸಂಬಳ. ಶಾಲೆ ಬಿಟ್ಟ ಮಕ್ಕಳಿಗೂ ಅಲ್ಲಿ ಜಾಗವಿರಬೇಕು. ಹಣ ಎಲ್ಲಿಂದ ಎಂದರೆ, ಬೆಂಗಳೂರಿನಲ್ಲಿ ಏಳುವ ಕಟ್ಟಡಗಳ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸಲ್ಲುತ್ತದೆ. ಆ ಕಟ್ಟಡಗಳಿಗೆ ಗಾರೆ ಹೊರುವವರಲ್ಲಿ ಕೆಜಿಎಫ್‌ನವರೂ ಇದ್ದಾರೆ. ಆ ಸೆಸ್‌ನಲ್ಲಿ ಒಂದು ಪಾಲನ್ನು ಕಾರ್ಮಿಕ ಇಲಾಖೆ ಕೆಲಸದ ಜಾಗಕ್ಕಷ್ಟೇ ಅಲ್ಲದೆ ಕಾರ್ಮಿಕರ ಊರಿಗೂ ಕಳಿಸಲಿ. ಗಾರ್ಮೆಂಟ್ಸ್ ಮಾಲೀಕರು ತಮ್ಮ ಕಾನೂನುಬದ್ಧ ಹೊಣೆಯನ್ನು ಮಾರಿಕುಪ್ಪಂನಲ್ಲೇ ಪೂರೈಸಲು ಸರ್ಕಾರ ನಿಯಮದಲ್ಲಿ ಅವಕಾಶ ಮಾಡಿಕೊಡಲಿ.