ತೂಕ ಇಳಿಸುವ ಮದ್ದು: ಬಿಲ್ಲು ಯಾರ ಹೆಗಲಿಗೆ?

ಕಳೆದ ವಾರ ತಿಪಟೂರು ಕಡೆಯ ಗೃಹಿಣಿಯೊಬ್ಬರು ಆರು ತಿಂಗಳ ನಂತರ ನನ್ನ ಕ್ಲಿನಿಕ್ಕಿಗೆ ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ, "ಬೈಬೇಡಿ ಡಾಕ್ಟ್ರೇ, ಮತ್ತೆ ದಪ್ಪ ಆಗಿದೀನಿ" ಎಂದರು. ತೂಕದ ಯಂತ್ರ 83 ಕಿಲೋ ತೋರಿಸಿತು.

2025ರ ಜೂನ್‌ನಲ್ಲಿ ಅವರು ಮೊದಲ ಸಲ ಬಂದಾಗ 86 ಕಿಲೋ ಇದ್ದರು. ವಯಸ್ಸು 46, ಎತ್ತರ 152 ಸೆಂಟಿಮೀಟರ್. ರಕ್ತದೊತ್ತಡ, ಮಂಡಿನೋವು ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ರಾತ್ರಿ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ತೀವ್ರವಾಗಿತ್ತು. ಹಗಲು ಹೊತ್ತು ಒಲೆಯ ಮುಂದೆ ನಿಂತಲ್ಲೇ ತೂಕಡಿಸುತ್ತಿದ್ದರು. ವಾರಕ್ಕೊಂದು ಸಲ ಚರ್ಮದಡಿ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಔಷಧವನ್ನು ಬರೆದುಕೊಟ್ಟೆ. 16 ವಾರಗಳಲ್ಲಿ 77 ಕಿಲೋಗೆ ಇಳಿದರು. ಗೊರಕೆ ತಗ್ಗಿತು, ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಯಿತು. ಅಷ್ಟರಲ್ಲಿ ದುಡ್ಡು ಮುಗಿಯಿತು.

ಆ ವರ್ಷ ಕೊಬ್ಬರಿಗೆ ಒಳ್ಳೆಯ ಬೆಲೆ ಬಂದಿತ್ತು. ಆ ಹಣಕ್ಕೆ ಬೆಂಗಳೂರಿನಲ್ಲಿರುವ ಮಗ ಒಂದಿಷ್ಟು ಸೇರಿಸಿದ್ದ. ಮೊದಲ ನಾಲ್ಕು ವಾರ ವಾರಕ್ಕೆ 3,500 ರೂಪಾಯಿ, ಮುಂದಿನ 12 ವಾರ ವಾರಕ್ಕೆ 4,375 ರೂಪಾಯಿ. ಒಟ್ಟು 66,500 ರೂಪಾಯಿ ಔಷಧಿ ಒಂದಕ್ಕೇ ಹೋಯಿತು. ಮಗನ ಕಂಪನಿಯ ಆರೋಗ್ಯ ವಿಮೆಯಲ್ಲಿ ತಾಯಿಯ ಹೆಸರೂ ಇತ್ತು. ಬಿಲ್ಲುಗಳನ್ನು ಕಳಿಸಿದರೆ, "ಆಸ್ಪತ್ರೆಗೆ ದಾಖಲಾಗಿಲ್ಲ, ಕೊಡಲು ಬರುವುದಿಲ್ಲ" ಎಂದು ವಿಮಾ ಕಂಪನಿ ಕೈಯಾಡಿಸಿತು. ಅದೇ ಕಂಪನಿಯವರು ಫೋನಿನಲ್ಲಿ ಇನ್ನೊಂದು ಮಾತನ್ನೂ ಹೇಳಿದರಂತೆ: ಹೊಟ್ಟೆಯ ಗಾತ್ರ ಕಿರಿದು ಮಾಡುವ ಆಪರೇಷನ್ನಿಗೆ ಒಪ್ಪಿದರೆ ಮೂರೂವರೆ ಲಕ್ಷದವರೆಗೂ ಮಂಜೂರಾಗಬಹುದು!

ಇಂದಿನ ಅಂಕಣ ಈ ವಿಚಿತ್ರದ ಬಗ್ಗೆ.

ಮದ್ದು ಮಾಡುವುದೇನು?

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. "ಸಾಕು, ತಟ್ಟೆ ತೆಗೆ" ಎಂದು ಮೆದುಳಿಗೆ ತಿಳಿಸುವವರಲ್ಲಿ ಇದೂ ಒಂದು. ಸಹಜ ಹಾರ್ಮೋನು ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅದರ ಕೆಲಸವನ್ನು ವಾರವಿಡೀ ಮಾಡುವಂತೆ ರೂಪಿಸಿದ ಔಷಧವೇ ಸೆಮಾಗ್ಲುಟೈಡ್. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಹಸಿವು ತಗ್ಗುತ್ತದೆ, ಜಠರ ನಿಧಾನವಾಗಿ ಖಾಲಿಯಾಗುತ್ತದೆ.

ಫಲಿತಾಂಶ ಚಿಕ್ಕದಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದವರು 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಕಳೆದುಕೊಂಡರು. 2023ರಲ್ಲಿ ಬಂದ, 17 ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲಿನ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದಿಂದ ಸಾವು ಇವು ಒಟ್ಟಾಗಿ ನೂರಕ್ಕೆ 20ರಷ್ಟು ತಗ್ಗಿದವು. ಆದ್ದರಿಂದ ಇದು ಕೇವಲ ಚೆಂದ ಕಾಣಲು ತೆಗೆದುಕೊಳ್ಳುವ ಮದ್ದು ಎನ್ನುವುದು ಸರಿಯಲ್ಲ.

ಆದರೆ ಒಂದು ಕಹಿ ಸತ್ಯವನ್ನು ಹೇಳಲೇಬೇಕು. ಮದ್ದು ನಿಲ್ಲಿಸಿದರೆ ತೂಕ ಮರಳುತ್ತದೆ. ಮೇಲೆ ಹೇಳಿದ ಮೊದಲ ಅಧ್ಯಯನದವರನ್ನೇ ಮುಂದೆಯೂ ಗಮನಿಸಿದಾಗ, ಸೂಜಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದಿದ್ದ ತೂಕದ ಮೂರನೇ ಎರಡು ಭಾಗ ಹಿಂತಿರುಗಿತ್ತು. ನನ್ನ ರೋಗಿಗೆ ಆದದ್ದೂ ಇದೇ. ಅವರು ಅಜಾಗರೂಕರಾಗಿದ್ದರೆಂದಲ್ಲ, ರಕ್ತದೊತ್ತಡದ ಗುಳಿಗೆ ಬಿಟ್ಟರೆ ಒತ್ತಡ ಏರುವಂತೆ, ಈ ಮದ್ದು ಬಿಟ್ಟರೆ ಹಸಿವು ಏರುತ್ತದೆ.

ತಿಂಗಳ ಲೆಕ್ಕವಲ್ಲ, ವರ್ಷದ ಲೆಕ್ಕ

ಟಿರ್ಜೆಪಟೈಡ್ 'ಮೌಂಜಾರೊ' ಹೆಸರಿನಲ್ಲಿ ಭಾರತಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ. ಸೆಮಾಗ್ಲುಟೈಡ್ 'ವೆಗೋವಿ' ಹೆಸರಿನಲ್ಲಿ ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ವೆಗೋವಿಯ ಬೆಲೆಯನ್ನು ಕಂಪನಿ 2025ರ ನವೆಂಬರ್‌ನಲ್ಲಿ ಇಳಿಸಿತು: ಆರಂಭದ ಪ್ರಮಾಣಕ್ಕೆ 10,850 ರೂಪಾಯಿ, ಗರಿಷ್ಠ ಪ್ರಮಾಣಕ್ಕೆ 16,400 ರೂಪಾಯಿ. ಇದನ್ನು 'ತಿಂಗಳ ಖರ್ಚು' ಎನ್ನುತ್ತಾರೆ. ಒಂದು ಪೆನ್ನಿನಲ್ಲಿರುವುದು ನಾಲ್ಕು ವಾರದ ಮದ್ದು. ವರ್ಷಕ್ಕೆ 52 ವಾರ. ಹಾಗಾಗಿ ಬೇಕಾಗುವುದು 12 ಪೆನ್ನಲ್ಲ, 13. ಗರಿಷ್ಠ ಪ್ರಮಾಣದಲ್ಲಿ ಆ ಬೆಲೆಗೆ ವರ್ಷಕ್ಕೆ 2,13,200 ರೂಪಾಯಿ.

2026ರ ಮಾರ್ಚ್‌ನಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ನಮ್ಮ ದೇಶದಲ್ಲಿ ಮುಗಿದು, ದೇಶೀಯ ಕಂಪನಿಗಳಿಗೆ ದಾರಿ ತೆರೆಯಿತು. ಬೆಲೆ ಇಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹಾಗೆಂದು ಲೆಕ್ಕ ಮುಗಿಯಿತೆನ್ನಬೇಡಿ. ಹಳೆಯ ಬೆಲೆಯ ಮೂರನೇ ಒಂದು ಭಾಗಕ್ಕೆ ಮದ್ದು ಸಿಕ್ಕಿದರೂ ವರ್ಷಕ್ಕೆ 70 ಸಾವಿರ ದಾಟುತ್ತದೆ. ಅದೂ ಒಂದು ವರ್ಷಕ್ಕಲ್ಲ, ಹಲವು ವರ್ಷಕ್ಕೆ. ಇಪ್ಪತ್ತೈದು ಸಾವಿರ ಸಂಬಳದ ಮನೆಯಲ್ಲಿ ಇದನ್ನು ಎಲ್ಲಿಂದ ತರುವುದು?

ವಿಮೆಯ ತರ್ಕ

ನಮ್ಮ ಬಹುತೇಕ ಆರೋಗ್ಯ ವಿಮಾ ಪಾಲಿಸಿಗಳು ಆಸ್ಪತ್ರೆಯ ಹಾಸಿಗೆಯನ್ನು ನಂಬಿ ಹುಟ್ಟಿದವು. ಮಲಗಿದರೆ ಹಣ, ನಡೆದುಕೊಂಡು ಹೋದರೆ ಇಲ್ಲ. ಹೊರರೋಗಿ ವಿಭಾಗದ ಖರ್ಚು ಕೊಡುವ ಪಾಲಿಸಿಗಳು ಇವೆ. ಆದರೆ ಅವುಗಳ ಮಿತಿ ಸಾಮಾನ್ಯವಾಗಿ ವರ್ಷಕ್ಕೆ ಕೆಲವು ಸಾವಿರ. ಈ ಮದ್ದಿನ ವರ್ಷದ ಖರ್ಚಿಗೆ ಅದು ಸಾಲದು. ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯೂ ಮುಖ್ಯವಾಗಿ ಆಸ್ಪತ್ರೆಯಲ್ಲಿ ನಡೆಯುವ ಚಿಕಿತ್ಸೆಗಾಗಿಯೇ ಇದೆ.

ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಭಾಷೆಯ ಷರತ್ತುಗಳನ್ನು ಬರೆದುಕೊಟ್ಟಿತು. ಅದರಲ್ಲಿ ಬೊಜ್ಜಿನ ಆಪರೇಷನ್ನಿಗೆ ಹಣ ಯಾವಾಗ ಕೊಡಬೇಕೆಂದಿದೆ: ವಯಸ್ಸು 18 ದಾಟಿರಬೇಕು, ವೈದ್ಯರ ಸಲಹೆ ಇರಬೇಕು, ದೇಹತೂಕ ಸೂಚ್ಯಂಕ 40 ಅಥವಾ ಹೆಚ್ಚಿರಬೇಕು. 35 ಇದ್ದರೂ ಆದೀತು. ಆದರೆ ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ ಅಥವಾ ತೀವ್ರ ನಿದ್ರಾ ಉಸಿರುಗಟ್ಟುವಿಕೆಯಂಥ ಕಾಯಿಲೆ ಜೊತೆಗಿರಬೇಕು, ಮತ್ತು ಆಪರೇಷನ್ನಿಗಿಂತ ಸೌಮ್ಯವಾದ ವಿಧಾನಗಳು ವಿಫಲವಾಗಿರಬೇಕು.

ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಸೌಮ್ಯ ವಿಧಾನ ಪ್ರಯತ್ನಿಸಿ ಸೋತು ಬನ್ನಿ ಎನ್ನುತ್ತದೆ ವಿಮೆ. ಆದರೆ ಆ ಪ್ರಯತ್ನದ ಖರ್ಚು ನಿಮ್ಮದೇ. ನನ್ನ ರೋಗಿಯ ಸೂಚ್ಯಂಕ 37, ಉಸಿರುಗಟ್ಟುವ ಕಾಯಿಲೆ ತೀವ್ರ. ಅವರ ಸೋಲಿಗೆ ಲಕ್ಷಗಳು ಸಿದ್ಧವಾಗಿವೆ, ಗೆಲುವಿಗೆ ಬಿಡಿಗಾಸಿಲ್ಲ. ಆಪರೇಷನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹಲವರಿಗೆ ಅದೇ ಸರಿಯಾದ ದಾರಿ. ಆದರೆ ಯಾವ ದಾರಿ ಎಂಬುದನ್ನು ಕಾಯಿಲೆ ತೀರ್ಮಾನಿಸಬೇಕು, ಪಾಲಿಸಿಯ ಷರತ್ತು ಅಲ್ಲ.

ವಿಮಾ ಕಂಪನಿಗಳ ವಾದದಲ್ಲೂ ಹುರುಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಜನರ ತೂಕ ಮಿತಿ ಮೀರಿದೆ. ಎಲ್ಲರಿಗೂ ಸೂಜಿ ಕೊಟ್ಟರೆ ಎಲ್ಲರ ಪ್ರೀಮಿಯಂ ಏರುತ್ತದೆ. ಇಂದು ಹಣ ಕೊಟ್ಟ ಕಂಪನಿಗೆ ಹತ್ತು ವರ್ಷದ ನಂತರದ ಲಾಭ ಸಿಗುತ್ತದೆಂಬ ಖಾತರಿಯೂ ಇಲ್ಲ. ಅಷ್ಟರಲ್ಲಿ ಗಿರಾಕಿ ಬೇರೆ ಕಂಪನಿಗೆ ಹೋಗಿರುತ್ತಾನೆ.

ಬೇರೆಯವರು ಮಾಡಿದ್ದೇನು?

ವಿಮೆ ಇದ್ದರೆ ಎಲ್ಲ ಸಲೀಸು ಎಂದುಕೊಂಡವರು ಅಮೆರಿಕದತ್ತ ನೋಡಬೇಕು. ಅಲ್ಲಿ ವೆಗೋವಿಯ ಪಟ್ಟಿ ಬೆಲೆ ತಿಂಗಳಿಗೆ 1,349 ಡಾಲರ್ ಇತ್ತು. ಹಿರಿಯರ ಮೆಡಿಕೇರ್ ಯೋಜನೆ ತೂಕ ಇಳಿಸುವುದಕ್ಕೆಂದೇ ಕೊಡುವ ಔಷಧಿಗೆ ಹಣ ಕೊಡದಂತೆ 2003ರ ಕಾನೂನು ತಡೆದಿತ್ತು. 2024ರಲ್ಲಿ, ಹೃದ್ರೋಗ ಇದ್ದವರಿಗೆ ವೆಗೋವಿ ಕೊಡಬಹುದೆಂಬ ಕಿಂಡಿ ತೆರೆಯಿತು. ಖಾಸಗಿ ವಿಮೆಯವರದ್ದು ಇನ್ನೊಂದು ಪಾಡು. 2025ರ ಜುಲೈನಲ್ಲಿ ಸಿವಿಎಸ್ ಕೇರ್‌ಮಾರ್ಕ್ ಎಂಬ ದೊಡ್ಡ ಔಷಧ ನಿರ್ವಹಣಾ ಸಂಸ್ಥೆ, ಟಿರ್ಜೆಪಟೈಡ್‌ನ ಅಲ್ಲಿನ ತೂಕದ ಮದ್ದಾದ 'ಜೆಪ್‌ಬೌಂಡ್' ಅನ್ನು ತನ್ನ ಮುಖ್ಯ ಪಟ್ಟಿಯಿಂದ ಕೈಬಿಟ್ಟಿತು. ಅದರಲ್ಲೇ ಚೆನ್ನಾಗಿದ್ದವರು ಬೇರೆ ಮದ್ದಿಗೆ ಬದಲಾಗಬೇಕಾಯಿತು, ಇಲ್ಲವೇ ಕೈಯಿಂದ ಕೊಡಬೇಕಾಯಿತು. ಇಂದು ಕೊಟ್ಟ ವಿಮೆ ನಾಳೆ ಕೊಡದಿರಬಹುದು ಎಂಬುದು ಇದರ ಪಾಠ.

ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ 2025ರ ಜೂನ್‌ನಿಂದ ಕುಟುಂಬ ವೈದ್ಯರ ಮೂಲಕ ಟಿರ್ಜೆಪಟೈಡ್ ಕೊಡಲು ಆರಂಭಿಸಿತು. ಎಲ್ಲರಿಗೂ ಅಲ್ಲ, ಮೊದಲ ಸರದಿ ಸೂಚ್ಯಂಕ 40 ದಾಟಿ, ಬೊಜ್ಜಿನಿಂದ ಬಂದ ಕನಿಷ್ಠ ನಾಲ್ಕು ಕಾಯಿಲೆ ಇರುವವರದು. ದಕ್ಷಿಣ ಏಷ್ಯಾ ಮೂಲದವರಿಗೆ ಈ ಮಿತಿ 37.5. ನಮ್ಮಂಥವರಿಗೆ ಕಡಿಮೆ ತೂಕದಲ್ಲೇ ಮಧುಮೇಹ, ಹೃದ್ರೋಗ ಅಂಟಿಕೊಳ್ಳುತ್ತವೆ ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ನಮ್ಮಲ್ಲೂ ಹೀಗೇ ಆಗಬೇಕೆಂಬುದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಈ ಗುಂಪಿನ ಔಷಧಗಳನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಮಧುಮೇಹದ ಜೊತೆ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರನ್ನು ಅದು ಮುಂದಿಟ್ಟುಕೊಂಡಿದೆ. ಯಾರಿಗೆ ಆಪರೇಷನ್ನಿನ ಹಣ ಕೊಡಲು ವಿಮೆ ಈಗಾಗಲೇ ಒಪ್ಪಿದೆಯೋ, ಅವರು ಬಯಸಿದರೆ ಅದೇ ಷರತ್ತಿನ ಮೇಲೆ ಮದ್ದಿನ ಖರ್ಚನ್ನೂ ಕೊಡಲಿ. ಆರು ತಿಂಗಳಿಗೊಮ್ಮೆ ತಪಾಸಣೆ ಕೇಳಲಿ, ಪ್ರಯೋಜನವಾಗದವರಿಗೆ ನಿಲ್ಲಿಸಲಿ. ಮದುವೆ ಸೀರೆಗೆ ತೆಳ್ಳಗಾಗಬೇಕೆನ್ನುವವರಿಗೆ ಕೊಡುವುದು ಬೇಡ. 2025ರ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಪೂರ್ತಿ ಹೋಯಿತು, ಬಹುಪಾಲು ಔಷಧಗಳ ಮೇಲಿನದು ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ತೆರಿಗೆಯಲ್ಲಿ ಸಾಧ್ಯವಾದದ್ದು ಷರತ್ತಿನಲ್ಲಿ ಏಕೆ ಸಾಧ್ಯವಿಲ್ಲ?

ಅಲ್ಲಿಯವರೆಗೆ ನೀವೇನು ಮಾಡಬೇಕು?

1. ಮೊದಲ ಸೂಜಿಗೆ ಮುನ್ನ ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ನನಗೆ ಇದು ನಿಜವಾಗಿ ಬೇಕೇ? ಪ್ರಮಾಣ ಏರಿಸುತ್ತಾ ಹೋದರೆ ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ? ನಿಲ್ಲಿಸಬೇಕಾದರೆ ಮುಂದೇನು? ಒಂದು ವರ್ಷದ ಹಣದ ದಾರಿ ಕಾಣದಿದ್ದರೆ, ಸಾಲ ಮಾಡಿ ಶುರು ಮಾಡಬೇಡಿ.

2. ಪಾಲಿಸಿಯಲ್ಲಿ ಬೊಜ್ಜಿನ ಷರತ್ತು ಮತ್ತು ಹೊರರೋಗಿ ಮಿತಿ ಎರಡನ್ನೂ ಓದಿ. ಫೋನಿನ ಮಾತು ನಂಬಬೇಡಿ. ಲಿಖಿತ ಉತ್ತರ ಪಡೆಯಿರಿ. ಅನ್ಯಾಯವಾಗಿದೆ ಅನ್ನಿಸಿದರೆ ಮೊದಲು ಕಂಪನಿಗೆ, ಆಮೇಲೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

3. "ಸಕ್ಕರೆ ಕಾಯಿಲೆ ಅಂತ ಬರೆದುಕೊಡಿ, ವಿಮೆ ಬರುತ್ತೆ" ಎಂದು ಕೇಳುವವರಿದ್ದಾರೆ. ನಾನು ಬರೆಯುವುದಿಲ್ಲ. ಇಲ್ಲದ ಕಾಯಿಲೆ ದಾಖಲೆಗೆ ಸೇರಿದರೆ ಮುಂದೆ ನಿಮ್ಮ ನಿಜವಾದ ಕ್ಲೈಮಿಗೇ ಕುತ್ತು. ಹೊಸ ಪಾಲಿಸಿ ಮಾಡಿಸುವಾಗ ತೂಕವನ್ನೂ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರ ನಿಯಮದಂತೆ ಹೆಚ್ಚೆಂದರೆ 36 ತಿಂಗಳು. ಸುಳ್ಳು ಹೇಳಿ ಸಿಕ್ಕಿಬೀಳುವುದಕ್ಕಿಂತ ಕಾಯುವುದು ಮೇಲು.

4. ಹಣ ಉಳಿಸಲೆಂದು ವಾರ ಬಿಟ್ಟು ವಾರ ಚುಚ್ಚಿಕೊಳ್ಳುವುದು, ಬಿಲ್ಲಿಲ್ಲದ ಮದ್ದು ಕೊಳ್ಳುವುದು, ಜಿಮ್ಮಿನವರ ಕೈಯಿಂದ ತರಿಸುವುದು ಬೇಡ. ಇದನ್ನು 2ರಿಂದ 8 ಡಿಗ್ರಿ ಶೈತ್ಯದಲ್ಲಿ ಕಾಪಾಡಬೇಕು. ಕೆಲವು ವಾರ ತಪ್ಪಿದ್ದರೆ ಹಳೆಯ ಪ್ರಮಾಣಕ್ಕೇ ಮರಳದೆ ವೈದ್ಯರನ್ನು ಕೇಳಿ. ಗರ್ಭಿಣಿಯರು, ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿ ಇರುವವರು ತೆಗೆದುಕೊಳ್ಳಬಾರದು. ವಾಕರಿಕೆ, ಮಲಬದ್ಧತೆ ಸಾಮಾನ್ಯ. ತಡೆಯಲಾರದ ಹೊಟ್ಟೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

5. ಮದ್ದು ಇದ್ದರೂ ಇಲ್ಲದಿದ್ದರೂ ಕಾಳು, ಬೇಳೆ, ಮೊಟ್ಟೆ ತಟ್ಟೆಯಲ್ಲಿರಲಿ. ನಡಿಗೆ, ಮೈಕಸುವಿನ ವ್ಯಾಯಾಮ ಬಿಡಬೇಡಿ. ತೂಕದ ಜೊತೆ ಸ್ನಾಯುವೂ ಕರಗುತ್ತದೆ. ಮರಳಿ ಬರುವುದು ಬಹುಪಾಲು ಕೊಬ್ಬು.

ಇನ್ನು ನನ್ನ ತಪ್ಪು. 2025ರ ಜೂನ್‌ನಲ್ಲಿ ಆ ತಾಯಿಯ ರಕ್ತ, ಮೂತ್ರ, ನಿದ್ರೆ ಎಲ್ಲ ಪರೀಕ್ಷೆ ಮಾಡಿಸಿದೆ. "ಎಷ್ಟು ತಿಂಗಳು ಕೊಡಬಲ್ಲಿರಿ?" ಎಂದು ಮಾತ್ರ ಕೇಳಲಿಲ್ಲ. ಹಣದ ಮಾತು ವೈದ್ಯನಿಗೆ ಶೋಭೆಯಲ್ಲ ಎಂಬ ಹಳೆಯ ಸಂಕೋಚ. ಆ ಸಂಕೋಚದ ಬೆಲೆ 66,500 ರೂಪಾಯಿ, ಅದನ್ನು ತೆತ್ತವರು ಅವರು.

ಕಳೆದ ವಾರ ಚೀಟಿಯ ಹಿಂಬದಿಯಲ್ಲಿ ಇಬ್ಬರೂ ಕೂತು ಲೆಕ್ಕ ಹಾಕಿದೆವು. ರಾತ್ರಿ ಉಸಿರಾಟಕ್ಕೆ ನೆರವಾಗುವ ಯಂತ್ರದ ಬೆಲೆ, ದೇಶೀಯ ಸೆಮಾಗ್ಲುಟೈಡ್‌ನ ಬೆಲೆ, ಆಪರೇಷನ್ನಿನ ಸಾಧಕ ಬಾಧಕ ಎಲ್ಲ ಬರೆದೆವು. ಚೀಟಿ ಮಡಿಸಿ ಸೆರಗಿಗೆ ಕಟ್ಟಿಕೊಂಡು, "ಮಗನ ಹತ್ತಿರ ಮಾತಾಡಿ ಹೇಳ್ತೀನಿ ಡಾಕ್ಟ್ರೇ" ಎಂದರು. ಆಗಲಿ ಎಂದೆ. ಸೂಜಿ ಇನ್ನೆರಡು ವಾರ ತಡವಾದರೂ ಚಿಂತೆಯಿಲ್ಲ, ಈ ಸಲ ಅದು ಅರ್ಧಕ್ಕೆ ನಿಲ್ಲಬಾರದು.