ಬಾಡಿಗೆ ಕರಾರಿನಲ್ಲಿ ಬರೆಯದ ಹೊಣೆ

ಅಮೆರಿಕದ ಡಲ್ಲಾಸ್‌ನಲ್ಲಿ ಕ್ಲಿನಿಕ್‌ವೊಂದಿದ್ದ ಕಟ್ಟಡದ ರಾತ್ರಿಪಾಳಿ ಕಾವಲುಗಾರನನ್ನು 2009ರಲ್ಲಿ ಎಫ್‌ಬಿಐ ಬಂಧಿಸಿತು. ನರ್ಸ್‌ಗಳು ಬಳಸುತ್ತಿದ್ದ ಕಂಪ್ಯೂಟರಿಗೆ ಮಾತ್ರವಲ್ಲ, ಇಡೀ ಕಟ್ಟಡದ ಎಸಿ ನಡೆಸುವ ಕಂಪ್ಯೂಟರಿಗೂ ಆತ ಕನ್ನ ಹಾಕಿದ್ದ. ಅದರ ಪರದೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿ ಮೆರೆಯಲು ಹೋಗಿ ಸಿಕ್ಕಿಬಿದ್ದ. 2011ರಲ್ಲಿ ಒಂಬತ್ತು ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು. ಬೇಸಿಗೆಯಲ್ಲಿ ಎಸಿ ಕೆಡಿಸಿದರೆ ಔಷಧಗಳು ಹಾಳಾಗುತ್ತವೆ, ಚಿಕಿತ್ಸೆಯಲ್ಲಿರುವವರ ಜೀವಕ್ಕೆ ಕುತ್ತು ಬರುತ್ತದೆ ಎಂಬುದು ತನಿಖಾಧಿಕಾರಿಗಳ ಆತಂಕವಾಗಿತ್ತು.

ಈ ಪ್ರಕರಣದ ಪಾಠ ಹಳತಾಗಿಲ್ಲ. ಆ ಕಾವಲುಗಾರ ಭದ್ರತಾ ಗುತ್ತಿಗೆ ಕಂಪನಿಯ ನೌಕರ. ರೋಗಿಗಳ ದಾಖಲೆಗೂ ಅವನಿಗೂ ಕೆಲಸದ ಸಂಬಂಧವೇ ಇರಲಿಲ್ಲ. ಆದರೆ ಬಾಗಿಲು ತೆರೆಯುವ ಅಧಿಕಾರ ಅವನ ಕೈಯಲ್ಲಿತ್ತು. ಆಸ್ಪತ್ರೆಯ ಸೈಬರ್ ಸುರಕ್ಷತೆ ಎಂದಾಗ ನಾವು ರೋಗಿಯ ಕಡತ, ಬಿಲ್ಲಿಂಗ್, ಲ್ಯಾಬ್ ವರದಿಗಳ ಬಗ್ಗೆ ಯೋಚಿಸುತ್ತೇವೆ. ಇವೆಲ್ಲವೂ ಇರುವ ಕಟ್ಟಡ ಬೇರೊಬ್ಬರದು ಎಂಬುದನ್ನು ಮರೆಯುತ್ತೇವೆ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ವಾಣಿಜ್ಯ ಸಂಕೀರ್ಣಗಳನ್ನೇ ನೋಡಿ. ಕೆಳಗೆ ಔಷಧ ಅಂಗಡಿ, ಮೇಲೆ ದಂತ ಚಿಕಿತ್ಸಾಲಯ, ಅದರ ಮೇಲೆ ಡಯಾಗ್ನೋಸ್ಟಿಕ್ ಸೆಂಟರ್. ಒಳಗಿನ ಕಂಪ್ಯೂಟರ್‌ಗಳು ಬಾಡಿಗೆದಾರರವು. ಲಿಫ್ಟ್, ಜನರೇಟರ್, ಸಿಸಿಟಿವಿ ಮಾಲೀಕರವು; ದೊಡ್ಡ ಕಟ್ಟಡಗಳಲ್ಲಿ ಎಸಿ, ಬಾಗಿಲಿನ ಕಾರ್ಡ್ ವ್ಯವಸ್ಥೆಯೂ ಅವರವೇ. ಇವನ್ನು ನೋಡಿಕೊಳ್ಳುವ ಏಜೆನ್ಸಿಯವರು ಹಲವೆಡೆ ದೂರದಿಂದಲೇ ಲಾಗಿನ್ ಆಗುತ್ತಾರೆ. ಇಂಥ ಯಂತ್ರಗಳು ಪರಸ್ಪರ ಮಾತಾಡಲು ಬಳಸುವ ಬ್ಯಾಕ್‌ನೆಟ್ ಎಂಬ ಮಾನದಂಡ 1995ರದು. ಆದೇಶ ಕಳಿಸುತ್ತಿರುವವರು ಯಾರೆಂದು ಪರಿಶೀಲಿಸುವ ಕಟ್ಟುನಿಟ್ಟು ಅದರ ಮೂಲರೂಪದಲ್ಲಿ ಇರಲಿಲ್ಲ. ಸುರಕ್ಷಿತ ರೂಪ ಈಗ ಬಂದಿದ್ದರೂ ಹಳೆಯ ಯಂತ್ರಗಳು ಹಾಗೆಯೇ ಓಡುತ್ತಿವೆ. ಈ ಯಂತ್ರಗಳೂ ಕ್ಲಿನಿಕ್‌ನ ಕಂಪ್ಯೂಟರ್‌ಗಳೂ ಒಂದೇ ಜಾಲದಲ್ಲಿದ್ದರೆ, ಒಂದರೊಳಗೆ ಹೊಕ್ಕವನಿಗೆ ಇನ್ನೊಂದು ದೂರವಲ್ಲ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಸುಮಾರು 4 ಕೋಟಿ ಗ್ರಾಹಕರ ಕಾರ್ಡ್ ವಿವರ ಕದ್ದವರು ಒಳಬಂದದ್ದು ಶೈತ್ಯೀಕರಣದ ಗುತ್ತಿಗೆದಾರನ ಪಾಸ್‌ವರ್ಡ್ ಹಿಡಿದು.

ಕ್ಯಾಮೆರಾದ ಕತೆ ಇನ್ನೂ ಸೂಕ್ಷ್ಮ. ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ಸಿಸಿಟಿವಿ ದೃಶ್ಯಗಳು 2025ರ ಫೆಬ್ರುವರಿಯಲ್ಲಿ ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಕಾಣಿಸಿಕೊಂಡವು. ಅದು ತಪಾಸಣಾ ಕೊಠಡಿಯ ಮಾತು. ಆದರೆ ಬಂಜೆತನ ನಿವಾರಣಾ ಕೇಂದ್ರಕ್ಕೋ ಮನೋವೈದ್ಯರ ಬಳಿಗೋ ಯಾರು, ಎಷ್ಟು ಸಲ ಬಂದರು ಎಂಬುದನ್ನು ಮಾಲೀಕರ ಕಾರಿಡಾರ್ ಕ್ಯಾಮೆರಾ ಕೂಡ ಹೇಳಿಬಿಡುತ್ತದೆ. ಅದೂ ಆರೋಗ್ಯದ ಗುಟ್ಟೇ.

ಕಾನೂನು ಏನನ್ನುತ್ತದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ, ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ ₹250 ಕೋಟಿವರೆಗೆ ದಂಡವಿದೆ. ದತ್ತಾಂಶವನ್ನು ಯಾಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವವರೇ ಅದಕ್ಕೆ ಹೊಣೆ. ಹಾಗಾಗಿ ರೋಗಿಯ ಕಡತಕ್ಕೆ ಕ್ಲಿನಿಕ್ ಹೊಣೆಯಾದರೆ, ತಮ್ಮ ಕ್ಯಾಮೆರಾದ ದೃಶ್ಯಗಳಿಗೆ ಮಾಲೀಕರೇ ಹೊಣೆಯಾಗಬೇಕಾಗುತ್ತದೆ. ಎಸಿ ನಿಯಂತ್ರಕದಲ್ಲಿ ವೈಯಕ್ತಿಕ ದತ್ತಾಂಶವೇ ಇಲ್ಲ. ಹಾಗಾಗಿ ಅದರ ಮೂಲಕ ಕಳ್ಳ ಬಂದಾಗ ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸಬಹುದು. ಈ ಬಿರುಕನ್ನು ಮುಚ್ಚಬಲ್ಲ ಕಾಗದ ಬಾಡಿಗೆ ಕರಾರು ಮಾತ್ರ. ನಮ್ಮ ಸಾಮಾನ್ಯ ಕರಾರುಗಳಲ್ಲಿ ಮುಂಗಡ, ಬಾಡಿಗೆ ಏರಿಕೆ, ಸುಣ್ಣಬಣ್ಣದ ಖರ್ಚಿಗೆಲ್ಲ ಜಾಗವಿದೆ, ಪಾಸ್‌ವರ್ಡಿಗೆ ಇಲ್ಲ.

‘ನಾನು ಕೊಟ್ಟಿರುವುದು ನಾಲ್ಕು ಗೋಡೆ, ಉಳಿದದ್ದು ಅವರ ತಲೆನೋವು’ ಎಂಬುದು ಮಾಲೀಕರ ವಾದ. ಸಣ್ಣ ಮಾಲೀಕರ ಮೇಲೆ ದೊಡ್ಡ ಖರ್ಚು ಹೇರುವುದು ನ್ಯಾಯವಲ್ಲ, ನಿಜ. ಆದರೆ ಬಾಡಿಗೆದಾರನ ವ್ಯವಹಾರ ನಿಂತರೆ ಬಾಡಿಗೆಯೂ ನಿಲ್ಲುತ್ತದೆ. 2024ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ವಿಮಾ ಪಾವತಿ ನಿರ್ವಹಿಸುವ ಚೇಂಜ್ ಹೆಲ್ತ್‌ಕೇರ್ ಕಂಪನಿಯ ಮೇಲಿನ ಸೈಬರ್ ದಾಳಿಯಿಂದ ವಿಮಾ ಹಣ ಪಾವತಿ ವಾರಗಟ್ಟಲೆ ಸ್ಥಗಿತಗೊಂಡು ಸಣ್ಣ ಕ್ಲಿನಿಕ್‌ಗಳು ಸಂಬಳಕ್ಕೂ ಪರದಾಡಿದವು. ದೂರದಿಂದ ಲಾಗಿನ್ ಆಗುವ ಒಂದು ಪೋರ್ಟಲ್‌ಗೆ ಎರಡನೇ ಹಂತದ ದೃಢೀಕರಣ ಇಲ್ಲದ್ದೇ ಅಲ್ಲಿ ದಾಳಿಕೋರರಿಗೆ ದಾರಿಯಾಗಿತ್ತು.

ಕರಾರಿನಲ್ಲಿ ಬರೆದು ಮಾಡಬೇಕಾದ ಕೆಲಸದಲ್ಲಿ ಬಹುಪಾಲು ದುಬಾರಿಯೇನಲ್ಲ. ಕಟ್ಟಡದ ಯಂತ್ರಗಳ ಜಾಲವನ್ನು ಬಾಡಿಗೆದಾರರ ಜಾಲದಿಂದ ಬೇರ್ಪಡಿಸಬೇಕು. ತಯಾರಕರು ಕೊಟ್ಟ ಪಾಸ್‌ವರ್ಡ್ ಬದಲಿಸಬೇಕು. ನಿರ್ವಹಣಾ ಏಜೆನ್ಸಿಗೆ ಕೆಲಸವಿದ್ದಾಗ ಮಾತ್ರ ದೂರದ ಪ್ರವೇಶ ಕೊಡಬೇಕು. ಯಾರ ವ್ಯವಸ್ಥೆಯಲ್ಲಿ ತೊಡಕು ಕಂಡರೂ ಇನ್ನೊಬ್ಬರಿಗೆ ತಕ್ಷಣ ತಿಳಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕಿರುವುದರಿಂದ ಪತ್ರವ್ಯವಹಾರಕ್ಕೆ ಪುರಸೊತ್ತಿಲ್ಲ. ಬಾಡಿಗೆದಾರ ಖಾಲಿ ಮಾಡಿದ ದಿನವೇ ಅವನ ಸಿಬ್ಬಂದಿಯ ಕಾರ್ಡ್‌ಗಳು ರದ್ದಾಗಬೇಕು. ಖರ್ಚನ್ನು ಎಲ್ಲ ಬಾಡಿಗೆದಾರರ ನಿರ್ವಹಣಾ ಶುಲ್ಕದಲ್ಲಿ ಹಂಚಬಹುದು.

ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳು ಅದಾದ 18 ತಿಂಗಳ ಬಳಿಕ ಜಾರಿಗೆ ಬರಲಿವೆ. ಆದರೆ ಲಕ್ಷಾಂತರ ರೂಪಾಯಿಯ ಯಂತ್ರ ಕೂರಿಸುವ ಲ್ಯಾಬ್‌ಗಳು ಐದು, ಒಂಬತ್ತು ವರ್ಷಗಳ ಕರಾರು ಮಾಡಿಕೊಳ್ಳುತ್ತವೆ. ಈ ಅಂಶಗಳಿಲ್ಲದೆ ಇವತ್ತು ಸಹಿ ಬೀಳುವ ಕರಾರು, ಕಾಯ್ದೆ ಪೂರ್ಣವಾಗಿ ಜಾರಿಯಾದ ಮೇಲೂ ವರ್ಷಗಟ್ಟಲೆ ಇಬ್ಬರ ಕೈಯನ್ನೂ ಕಟ್ಟಿಹಾಕಲಿದೆ. ಯಾವುದಕ್ಕೆ ಯಾರು ಹೊಣೆ ಎಂಬುದು ಸಹಿ ಹಾಕುವ ಮೊದಲೇ ಕೇಳಬೇಕಾದ ಪ್ರಶ್ನೆ. ಕೇಳಲು ವಕೀಲರ ನೋಟಿಸ್ ಬರುವವರೆಗೆ ಕಾಯುವುದು ಇಬ್ಬರಿಗೂ ನಷ್ಟ.